ಲಕ್ಷ ಜನ ನೋಡಿದ ಇಡ್ಲಿ

ಹೋದ ತಿಂಗ್ಳು ಅತ್ತಿಗೆ ಮನೆಗೆ ಹೋಗಿದ್ದಾಗ ಅವ್ರ ಮಗ ಫೋನು ಹಿಡ್ಕಂಡು ಓಡಿ ಬಂದ. "ಅತ್ತೆ, ನೋಡಿಲ್ಲಿ, ಒಂದು ಲಕ್ಷದ ಹನ್ನೆರಡು ಸಾವ್ರ ಜನ ನೋಡವ್ರೆ!" ಫೋನಲ್ಲಿ ತಟ್ಟೆ ಇಡ್ಲಿ ಮೇಲೆ ಬೆಣ್ಣೆ ಕರಗ್ತಾ ಇತ್ತು, ಹಿಂದ್ಗಡೆ ಯಾವ್ದೋ ಸಿನಿಮಾ ಹಾಡು. ಇಡ್ಲಿ ಇವನ ಓಟ್ಲಿಂದೇ. ಅಮ್ಮಸಂದ್ರದಲ್ಲಿ ಆರು ಟೇಬಲ್ ಹಾಕ್ಕಂಡು ನಡೆಸ್ತಾ ಇರೋ ಓಟ್ಲು, ಅವರಪ್ಪನ ಕಾಲದ್ದು. ಸಂತೋಷ ಕಣಪ್ಪ, ಇವತ್ತು ಬೆಳಿಗ್ಗೆ ಎಷ್ಟು ಪ್ಲೇಟು ಹೋಯ್ತು ಅಂದೆ. ಸುಮ್ನಾದ. ಒಳಗಿಂದ ಅವನ ಹೆಂಡ್ತಿ "ಐವತ್ತೆರಡು" ಅಂದ್ಲು. ರೀಲು ಮಾಡ್ಸೋಕೆ ಮುಂಚೆ ಎಂಬತ್ತು ತೊಂಬತ್ತು ಹೋಗ್ತಿತ್ತಂತೆ.

ಇದನ್ನ ಬರೀಬೇಕು ಅನ್ಸಿದ್ದು ಅವನ ಮೇಲಿನ ಸಿಟ್ಟಿಗಲ್ಲ. ಅವನಿಗೆ ಇದನ್ನ ಕಲಿಸಿದೋರ ಮೇಲಿನ ಸಿಟ್ಟಿಗೆ. ಬೆಂಗಳೂರಿಂದ ಒಬ್ಬ ಹುಡುಗ ಬಂದಿದ್ನಂತೆ, ಓಟ್ಲುಗಳಿಗೆ 'ಡಿಜಿಟಲ್ ಪ್ರಚಾರ' ಮಾಡಿಕೊಡೋನು. ಮೂರು ತಿಂಗಳಿಗೆ ನಲವತ್ತು ಸಾವಿರ. ಕೊಬ್ಬರಿ ಮಾರಿದ ದುಡ್ಡಲ್ಲಿ ಕೊಟ್ಟವ್ನೆ. ನಮ್ಮ ಕಡೆಯೋರಿಗೆ ಗೊತ್ತು ಅದೆಂಥ ದುಡ್ಡು ಅಂತ. ಕಾಯಿ ಕೆಡವಿಸಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗೆ ಅಲ್ಲಾಡೋ ಹಂಗಾದ ಮೇಲೆ ಸುಲಿಸಿ, ಒಡೆಸಿ, ತಿಪಟೂರಿಗೆ ಹೊತ್ತು ಹಾಕಿದ ಮೇಲೆ ಕೈಗೆ ಬರೋ ದುಡ್ಡು. ಅದು ಮೂವತ್ತು ಸೆಕೆಂಡಿನ ಬೆಣ್ಣೆಗೆ ಹೋಯ್ತು.

ಲೆಕ್ಕ ಹಾಕಾಣ ಬನ್ನಿ. ಪ್ಲೇಟು ಮೂವತ್ತು ರೂಪಾಯಿ. ಅಕ್ಕಿ, ಉದ್ದು, ಕಾಯಿ, ಗ್ಯಾಸು, ಕೂಲಿ, ಬಾಡಿಗೆ ಎಲ್ಲಾ ಕಳೆದ್ರೆ ಅವನಿಗೆ ಉಳಿಯೋದು ಆರು ರೂಪಾಯಿ ಅಂತ ಅವನೇ ಹೇಳ್ದ. ನಲವತ್ತು ಸಾವಿರ ವಾಪಸ್ ಬರ್ಬೇಕಾದ್ರೆ ಆರು ಸಾವಿರದ ಆರ್ನೂರಕ್ಕೂ ಮೇಲೆ ಪ್ಲೇಟು *ಹೆಚ್ಚಿಗೆ* ಹೋಗ್ಬೇಕು. ಮೂರು ತಿಂಗಳಲ್ಲಿ ಅಂದ್ರೆ ದಿನಕ್ಕೆ ಎಪ್ಪತ್ತಕ್ಕೂ ಮೇಲೆ. ಇರೋ ಎಂಬತ್ತು ತೊಂಬತ್ತರ ಜೊತೆಗೆ! ಆರು ಟೇಬಲ್ಲಿನ ಓಟ್ಲಲ್ಲಿ ಅಷ್ಟು ಜನ ಕೂರೋದಾದ್ರೂ ಎಲ್ಲಿ? ದುಡ್ಡು ಈಸ್ಕಳೋ ಮುಂಚೆ ಆ ಹುಡುಗ ಈ ಲೆಕ್ಕ ಹಾಕಿ ತೋರಿಸ್ಬೇಕಿತ್ತು. ತೋರಿಸಿದ್ರೆ ಅವನ ವ್ಯಾಪಾರ ಆಗ್ತಿರ್ಲಿಲ್ಲ.

ಇನ್ನು ಆ ಲಕ್ಷ ಜನ ಯಾರು? ರೀಲು ಅನ್ನೋದು ಊರು ಕೇರಿ ನೋಡ್ಕಂಡು ಹೋಗೋದಲ್ಲ. ಬಳ್ಳಾರಿಲಿ ಕೂತು ನೋಡ್ದೋನೂ ಒಂದು, ದುಬೈಲಿ ನೋಡ್ದೋನೂ ಒಂದು. ಬೆರಳಲ್ಲಿ ತಳ್ಳೋವಾಗ ಕಣ್ಣಿಗೆ ಬಿದ್ರೂ ಒಂದು. ಅವರಲ್ಲಿ ಯಾರೂ ನಾಳೆ ಬೆಳಿಗ್ಗೆ ಏಳೂವರೆಗೆ ಅಮ್ಮಸಂದ್ರಕ್ಕೆ ಬಂದು ಇಡ್ಲಿ ತಿನ್ನಲ್ಲ. ತಿನ್ನೋರು ಸ್ಟೇಷನ್ನಿಗೆ ಓಡೋರು, ಸಿಮೆಂಟ್ ಕಾರ್ಖಾನೆ ಕಡೆಯೋರು, ತುರುವೇಕೆರೆ ಬಸ್ಸು ಕಾಯೋರು, ಮೇಷ್ಟ್ರುಗಳು, ಲಾರಿಯೋರು. ಇವರಿಗೆ ಆ ಓಟ್ಲು ಇರೋದು ಗೊತ್ತೇ ಐತೆ. ಗೊತ್ತಿಲ್ದೆ ಇರೋದು ಬೇರೆ: ಇವತ್ತು ತೆಗೆದೈತೋ ಇಲ್ವೋ, ಇಡ್ಲಿ ಮುಗಿದೋಯ್ತೋ, ಮಧ್ಯಾಹ್ನ ಮುದ್ದೆಗೆ ಬಸ್ಸಾರೋ ಹುರುಳಿ ಸಾರೋ. ಆ ಹುಡುಗನ ನಲವತ್ತು ಸಾವಿರದ ಕೆಲಸದಲ್ಲಿ ಈ ಮೂರು ಮಾತಿಗೆ ಜಾಗವೇ ಇರ್ಲಿಲ್ಲ.

ಇದಕ್ಕಿಂತ ನನಗೆ ಉರಿದಿದ್ದು ಇನ್ನೊಂದು. ಫೋಟೋಗೆ ಚೆನ್ನಾಗಿ ಬರ್ಲಿ ಅಂತ ಸ್ಟೀಲ್ ತಟ್ಟೆ ತೆಗೆಸಿ ಕಪ್ಪು ಕಲ್ಲಿನಂಥ ಪಿಂಗಾಣಿ ತಟ್ಟೆ ತರಿಸವ್ರೆ. ಬೆಣ್ಣೆ ಕಡ್ಡಾಯ, ಹಂಗಾಗಿ ರೇಟು ಮೂವತ್ತರಿಂದ ಐವತ್ತು. ಚಟ್ನಿ ಎರಡನೇ ಸಲ ಹಾಕಂಗಿಲ್ಲ. ದಿನಾ ಬರ್ತಿದ್ದ ಒಬ್ರು ಹಿರಿಯರು ಹದಿನೈದು ದಿನ ನೋಡಿ ರಸ್ತೆ ಆಚೆ ಗಾಡಿಗೆ ಹೋದ್ರಂತೆ. ಜಗಳ ಆಡ್ಲಿಲ್ಲ, ಹೇಳ್ಲೂ ಇಲ್ಲ. ನಮ್ಮೂರೋರು ಹಂಗೇ, ಓಟ್ಲು ಬಿಡೋವಾಗ ಕಾರಣ ಹೇಳಲ್ಲ. ಬರದೇ ಇರೋ ಲಕ್ಷ ಜನಕ್ಕೋಸ್ಕರ ಬರ್ತಿದ್ದ ನಲವತ್ತು ಜನನ ಕಳ್ಕಂಡಿದ್ದು ಯಾವ ಜಾಣತನ?

ಬೆಂಗಳೂರಲ್ಲಿ ರಾಮೇಶ್ವರಂ ಕೆಫೆ 2021ರಲ್ಲಿ ಶುರುವಾಗಿ ಹೆಂಗೆ ಬೆಳೀತು ನೋಡಿ ಅಂತಾರೆ. ನೋಡಿದೀನಿ. ಅಲ್ಲಿ ರೀಲು ನೋಡಿದ ಜನ ಮೆಟ್ರೋ ಹತ್ತಿ ಸಾಯಂಕಾಲಕ್ಕೆ ಬಂದು ಸಾಲಲ್ಲಿ ನಿಂತ್ಕತಾರೆ, ಅದು ಕೋಟಿ ಜನ ಇರೋ ಊರು. ಅಮ್ಮಸಂದ್ರಕ್ಕೆ ಅದನ್ನ ತಂದು ಇಕ್ಕಿದ್ರೆ ಸಮುದ್ರದ ಬಲೆ ತಂದು ಕುಂಟೆಗೆ ಹಾಕ್ದಂಗೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೆಸರು ಬಂದಿದ್ದು ಹೆದ್ದಾರಿಲಿ ಹೋಗೋರು, ಸಿದ್ಧಗಂಗೆಗೆ ಬರೋರು ನಿಲ್ಸಿ ತಿಂದು, ಮುಂದ್ಲೂರಲ್ಲಿ ಹೇಳಿ. ಆಗ ಯಾರ ಕೈಲೂ ಫೋನಿರ್ಲಿಲ್ಲ.

ಹಂಗಂತ ಹಳ್ಳಿ ಓಟ್ಲಿಗೆ ಇಂಟರ್ನೆಟ್ಟೇ ಬೇಡ ಅನ್ನೋರ ಗುಂಪಿಗೆ ನನ್ನ ಸೇರಿಸ್ಬೇಡಿ. ಅವರದ್ದು ಇನ್ನೊಂದು ತಪ್ಪು. ತಿಪಟೂರು ಹರಾಜಲ್ಲಿ ಕೊಬ್ಬರಿ ಏನು ರೇಟು ಹೋಯ್ತು ಅಂತ ಸಾಯಂಕಾಲಕ್ಕೆ ನಮ್ಮ ತೋಟದ ಆಳಿನ ಫೋನಿಗೂ ವಾಟ್ಸಾಪಲ್ಲಿ ಬಂದಿರ್ತದೆ. ಅದಕ್ಕೆ ಹಾಡಿಲ್ಲ, ಬಣ್ಣ ಇಲ್ಲ, ಬರೀ ಒಂದು ಅಂಕಿ. ಆದ್ರೂ ಎಲ್ರೂ ಕಾಯ್ಕಂಡು ನೋಡ್ತಾರೆ, ಯಾಕಂದ್ರೆ ಬೇಕಾದ ಸುದ್ದಿ, ಬೇಕಾದೋರಿಗೆ, ಬೇಕಾದ ಹೊತ್ತಿಗೆ ಬರ್ತದೆ. ಓಟ್ಲಿನೋರು ಕಲೀಬೇಕಾದ್ದು ಈ ಅಂಕಿಯಿಂದ.

ಮೊದಲು ಮ್ಯಾಪಿನ ಕತೆ ಹೇಳ್ತೀನಿ. ಗೂಗಲ್ ಮ್ಯಾಪಲ್ಲಿ ಓಟ್ಲಿನ ಪಟ್ಟಿ ಮಾಡ್ಸೋಕೆ ಒಂದು ಕಾಸೂ ಇಲ್ಲ. ಮಾಲೀಕ ತಾನೇ ಅಂತ ಒಂದ್ಸಲ ಖಾತ್ರಿ ಮಾಡ್ಕಂಡ್ರೆ ಸಮಯ, ಫೋನ್ ನಂಬರು, ವಾರದ ರಜೆ, ಹಬ್ಬದ ರಜೆ ಎಲ್ಲಾ ತಾನೇ ಹಾಕಬೌದು. ಇವನ ಓಟ್ಲು ಹುಡುಕಿದೆ. ಸೋಮವಾರ ರಜೆ, ಮ್ಯಾಪಲ್ಲಿ ಮಾತ್ರ ವಾರಪೂರ್ತಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತು. ಕೊಟ್ಟಿರೋ ನಂಬರು ಅವನು ಬಿಟ್ಟು ಎರಡು ವರ್ಷ ಆದ ಸಿಮ್ಮಿಂದು. ಗುಂಡಿ ಗುರುತು ರೈಲ್ವೆ ಹಳಿಯ ಆ ಕಡೆಗೈತೆ! ಮಾಲೀಕ ಕೈಗೆ ತಗಳ್ದೆ ಇದ್ರೆ ದಾರಿಹೋಕರು ಯಾರು ಬೇಕಾದ್ರೂ ತಿದ್ದುಪಡಿ ಸೂಚಿಸ್ಬೌದು, ಮುಚ್ಚೋಗೈತೆ ಅಂತಲೂ ಹಾಕಿಸ್ಬೌದು. ಕಿಬ್ಬನಹಳ್ಳಿ ಕ್ರಾಸಲ್ಲಿ ಇಳಿದು ಸೋಮವಾರ ಬಂದು ಬೀಗ ನೋಡ್ಕಂಡು ಹೋದೋನು ಮತ್ತೆ ಬರ್ತಾನಾ? ಮನೆ ಬಾಗಿಲಿಗೆ ರಂಗೋಲಿ ಬಿಡಿಸ್ದೆ ಬೆಂಗಳೂರಲ್ಲಿ ಫ್ಲೆಕ್ಸು ಕಟ್ಟಿಸಿದ್ನಲ್ಲ ನಮ್ಮ ಹುಡುಗ! ಹೆಸರು ಕನ್ನಡದಲ್ಲೂ ಇಲ್ಲ. ನಮ್ಮೂರ ಹೆಸರನ್ನ ಇಂಗ್ಲಿಷಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ, ಕನ್ನಡದಲ್ಲಿ ಹಾಕಿದ್ರೆ ತಗಾದೆಯೇ ಇಲ್ಲ.

ಎರಡನೇದು ವಾಟ್ಸಾಪು. ಅದರ ವ್ಯಾಪಾರದ ಆ್ಯಪು 2018ರಲ್ಲೇ ಬಂತು, ಅದೂ ಪುಕ್ಕಟೆ. ಅದರಲ್ಲಿ ಪಟ್ಟಿ ಮಾಡಿ ಒಂದೇ ಸಲ 256 ಜನಕ್ಕೆ ಸುದ್ದಿ ಕಳಿಸ್ಬೌದು, ಆದ್ರೆ ನಿಮ್ಮ ನಂಬರನ್ನ ತಮ್ಮ ಫೋನಲ್ಲಿ ಉಳಿಸ್ಕಂಡಿರೋರಿಗೆ ಮಾತ್ರ ತಲುಪೋದು. ಇದನ್ನ ದೊಡ್ಡ ಊರಿನ ಪ್ರಚಾರದೋರು ಕೊರತೆ ಅಂತಾರೆ. ನನಗೆ ಅದೇ ಅದರ ಒಳ್ಳೆ ಗುಣ. ಓಟ್ಲಿನ ನಂಬರು ಫೋನಲ್ಲಿ ಇಟ್ಕಂಡೋನು ಗಿರಾಕಿ, ಇಟ್ಕಳ್ದೋನು ಪ್ರೇಕ್ಷಕ. ಬೆಳಿಗ್ಗೆ ಹತ್ತಕ್ಕೆ "ಇವತ್ತು ಅವರೆಕಾಳು ಸಾರು, ಮುದ್ದೆ, ಒಂದೂವರೆವರೆಗೆ" ಅಂತ ಒಂದು ಸಾಲು. ಅಷ್ಟೇ ಸಾಕು. ದಿನಾ ಸುಪ್ರಭಾತ, ದೇವರ ಫೋಟೋ ಕಳಿಸಿದ್ರೆ ಜನ ಬ್ಲಾಕ್ ಮಾಡ್ತಾರೆ, ನಾನೂ ಮಾಡಿದೀನಿ.

ನಕ್ಷತ್ರದ ವಿಷಯಕ್ಕೂ ಒಂದು ಮಾತು. ಆ ಹುಡುಗ ಹೇಳಿದ್ದ, ಐದು ನಕ್ಷತ್ರದ ಐವತ್ತು ಅಭಿಪ್ರಾಯ ತಾನೇ ಹಾಕಿಸಿಕೊಡ್ತೀನಿ ಅಂತ. ಹಾಕಿಸ್ದ. ಅಮ್ಮಸಂದ್ರ ಕಂಡೇ ಇಲ್ದೋರು ಬರೆದವ್ರೆ: "ವಾತಾವರಣ ಸೊಗಸಾಗಿದೆ, ಪಾರ್ಕಿಂಗ್ ಚೆನ್ನಾಗಿದೆ." ಪಾರ್ಕಿಂಗಂತೆ! ಓಟ್ಲ ಮುಂದೆ ಎರಡು ಸೈಕಲ್ಲು ನಿಂತ್ರೆ ಚರಂಡಿ. ಗೂಗಲ್ಲಿನ ನಿಯಮಕ್ಕೆ ಇದು ವಿರುದ್ಧ. ನಮ್ಮ ದೇಶದಲ್ಲೂ 2022ರಲ್ಲಿ ಬಿಐಎಸ್‌ನೋರು ಆನ್‌ಲೈನ್ ಅಭಿಪ್ರಾಯಗಳಿಗೆ ಐಎಸ್ 19000 ಅಂತ ಒಂದು ಮಾನಕ ಹೊರಡಿಸಿದ್ರು. ನಿಯಮ ಬಿಡಿ, ಊರೋರು ಓದಿ ನಗಾಡಲ್ವಾ? ಪಾರ್ಕಿಂಗ್ ಸುಳ್ಳು ಅಂತ ಗೊತ್ತಿರೋರು ಇಡ್ಲಿನೂ ಸುಳ್ಳು ಅನ್ಕತಾರೆ.

ಊಟ ಮನೆಗೆ ತಲುಪಿಸೋ ಆ್ಯಪುಗಳ ಬಗ್ಗೆ ಹೆಚ್ಚಿಗೆ ಹೇಳಲ್ಲ. ತುಮಕೂರಿನಂಥ ಊರಿಗೆ ಅವು ಸರಿಯೇನೋ. ನೂರು ರೂಪಾಯಿ ಬಿಲ್ಲಲ್ಲಿ ಇಪ್ಪತ್ತು, ಇಪ್ಪತ್ತೈದು ಅವರೇ ಹಿಡ್ಕಂಡ್ರೆ ಮೂವತ್ತಕ್ಕೆ ಆರು ಉಳಿಸೋನಿಗೆ ಉಳಿಯೋದು ಸೊನ್ನೆ, ಇಲ್ಲಾ ಸಾಲ. ದೇಶದ ಓಟ್ಲಿನೋರು 2019ರಲ್ಲಿ 'ಲಾಗೌಟ್' ಅಂತ ಚಳವಳಿ ಮಾಡಿದ್ದು ಆ್ಯಪುಗಳ ಭಾರಿ ರಿಯಾಯ್ತಿ ವಿರುದ್ಧವೇ.

ನಮ್ಮ ಹುಡುಗನ ಜೊತೆ ಅವತ್ತೇ ಕೂತ್ಕಂಡು ಮ್ಯಾಪು ಸರಿ ಮಾಡಿದ್ವಿ. ಮುಕ್ಕಾಲು ಗಂಟೆ ಹಿಡೀತು, ಅದ್ರಲ್ಲಿ ಅರ್ಧ ಗಂಟೆ ಅವನ ಪಾಸ್‌ವರ್ಡ್ ಹುಡುಕೋದಕ್ಕೆ. ಸೋಮವಾರ ರಜೆ ಹಾಕಿದ್ವಿ, ನಂಬರು ಬದಲಾಯ್ಸಿದ್ವಿ, ಗುರುತನ್ನ ಹಳಿಯಿಂದ ಈಚೆಗೆ ಎಳೆದ್ವಿ. ಗಲ್ಲಾಪೆಟ್ಟಿಗೆ ಹತ್ರ ರಟ್ಟಲ್ಲಿ ನಂಬರು ಬರೆದು ಇಟ್ವಿ: "ಉಳಿಸ್ಕಳಿ, ಇವತ್ತಿನ ಸಾರು ತಿಳಿಸ್ತೀವಿ." ಮೊದಲ ವಾರ ಮೂವತ್ತೊಂದು ಜನ ಉಳಿಸ್ಕಂಡವ್ರೆ. ಸ್ಟೀಲ್ ತಟ್ಟೆ ಅಟ್ಟದಿಂದ ಇಳಿಸಿ ತೊಳೆದಿದ್ದು ಅವನ ಹೆಂಡ್ತಿ, ಯಾರನ್ನೂ ಕೇಳ್ದೆ. ರೇಟು ಇನ್ನೂ ಐವತ್ತೇ ಐತೆ, ಅದಕ್ಕೆ ನಾನೂ ಅವನೂ ಈಗ್ಲೂ ಜಗಳ ಆಡ್ತಾ ಇದೀವಿ. ಗಾಡಿಗೆ ಹೋದ ಹಿರಿಯರು ವಾಪಸ್ ಬಂದಿಲ್ಲ.