ದೋಣಿ ಹೊರುವ ಚೌಕಟ್ಟು ಮತ್ತು ನದಿಯ ಹಿತ

ಉತ್ತರ ಅಮೆರಿಕದಲ್ಲಿ ಪಿಕಪ್ ವಾಹನದ ಹಿಂಬದಿಯ ತೊಟ್ಟಿಗೆ ಮನೆಯಲ್ಲೇ ಮರದ ಚೌಕಟ್ಟೊಂದನ್ನು ಕೂರಿಸಿ, ಅದರ ಮೇಲೆ ಕಯಾಕ್ ಎಂಬ ಹಗುರ ದೋಣಿಯನ್ನು ಹೇರಿಕೊಂಡು ನದಿಯಿಂದ ನದಿಗೆ ಸಾಗುವ ಹವ್ಯಾಸಿಗಳು ಬಹುಮಂದಿ. ನೂರಾರು ಡಾಲರ್ ತೆತ್ತು ಸಿದ್ಧವಸ್ತುವನ್ನು ಕೊಳ್ಳುವ ಬದಲು, ಕೈಗೆಟುಕಿದ ಮರದಲ್ಲಿ ತಮ್ಮ ವಾಹನದ ಅಳತೆಗೆ ತಕ್ಕಂತೆ ತಾವೇ ಕಟ್ಟಿಕೊಳ್ಳುವ ಈ ಪರಿಪಾಠ ಮೆಚ್ಚತಕ್ಕದ್ದು. ಮುರಿದರೆ ದುರಸ್ತಿ ಸುಲಭ. ಕಳಚಿಟ್ಟರೆ ವಾಹನ ಮತ್ತೆ ಹುಲ್ಲು, ಗೊಬ್ಬರ ಹೊರಲು ಸಿದ್ಧ. ಆದರೆ ದೋಣಿ ಬೀಳದೆ ನಿಲ್ಲುವುದೇ, ಗೀರಾಗದೆ ಉಳಿಯುವುದೇ ಎಂದು ಕೇಳುವಷ್ಟು ಆಸಕ್ತಿಯಿಂದ ‘ದೋಣಿ ಪೂರ್ತಿ ಒಣಗುವುದೇ?’ ಎಂದು ಕೇಳುವವರು ವಿರಳ. ನದಿಗಳ ಹಿತ ಅಡಗಿರುವುದು ಈ ಪ್ರಶ್ನೆಯಲ್ಲೇ.

ಚೌಕಟ್ಟಿನ ರಚನೆ ಸರಳವಾದುದು. ತೊಟ್ಟಿಯ ಅಂಚಿನಲ್ಲಿರುವ ಚೌಕ ಕುಳಿಗಳಿಗೆ ನಾಲ್ಕು ಕಂಬಗಳನ್ನಿಳಿಸಿ, ಚಾಲಕನ ಕೋಣೆಯ ಹಿಂದೊಂದು, ತೊಟ್ಟಿಯ ಕೊನೆಗೊಂದು ಅಡ್ಡತೊಲೆಯನ್ನು ಬೋಲ್ಟಿನಿಂದ ಬಿಗಿದು, ವಾಲದಂತೆ ಓರೆಯಾಗಿ ಆನಿಕೆ ಕೊಡಬೇಕು. ಕಯಾಕಿನ ತೂಕ ಸಾಮಾನ್ಯವಾಗಿ 20-25 ಕಿಲೋ ಅಷ್ಟೇ. ಆದರೆ ವೇಗದಲ್ಲಿ ಗಾಳಿ ಅದನ್ನು ಮೇಲೆತ್ತುತ್ತದೆ. ಆದ್ದರಿಂದ ತೊಲೆಗಳಿಗೆ ಎರಡು ಪಟ್ಟಿ ಬಿಗಿದ ಮೇಲೂ ಮೂತಿ ಮತ್ತು ಬಾಲಗಳನ್ನು ಹಗ್ಗದಿಂದ ವಾಹನದ ಒಡಲಿಗೇ ಕಟ್ಟಬೇಕು. ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಇರಲೇಬೇಕು.

ತೊಲೆಗೆ ಸುತ್ತುವ ಮೆತ್ತೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಕಾರ್ಪೆಟ್ ತುಂಡನ್ನು ಸುತ್ತುವುದು ರೂಢಿ. ಎಸೆಯುವ ವಸ್ತುವಿನ ಮರುಬಳಕೆಯೆಂದು ಅದು ಹಿತವಾಗಿಯೂ ಕಾಣುತ್ತದೆ. ಆದರೆ ಕಾರ್ಪೆಟ್ ನೀರು ಕುಡಿದು ದಿನಗಟ್ಟಲೆ ತೇವವಾಗಿಯೇ ಇರುತ್ತದೆ; ಕಳೆಯ ಚೂರು, ಹುಳುಮರಿ, ಪಾಚಿಗಳಿಗೆ ಆಶ್ರಯವಾಗುತ್ತದೆ. ಕೊಳವೆಗಳಿಗೆ ಹೊದಿಸುವ, ನೀರು ಹೀರದ ಫೋಮ್ ಇದಕ್ಕಿಂತ ಮೇಲು. ದೋಣಿಯನ್ನು ಕವುಚಿ ಹಾಕಿದರೆ ಒಳಗಿನ ನೀರು ಸೋರಿಹೋಗುತ್ತದೆ. ಎರಡು ದೋಣಿಗಳಿದ್ದರೆ ನಡುವೆ ಗಾಳಿಯಾಡುವಷ್ಟು ಅಂತರ ಬಿಡಬೇಕು.

ಇಷ್ಟು ಸಣ್ಣ ಸಂಗತಿಗೆ ಇಷ್ಟೊಂದು ಕಾಳಜಿ ಏಕೆ? ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳ ಸೀಮೆಯ ಜೀಬ್ರಾ ಮಸ್ಸೆಲ್ ಎಂಬ ಪುಟ್ಟ ಚಿಪ್ಪುಜೀವಿ 1988ರಲ್ಲಿ ಅಮೆರಿಕ-ಕೆನಡಾ ಗಡಿಯ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಅದನ್ನು ತಂದದ್ದು ಹಡಗುಗಳ ಒಡಲಿನ ನೀರು. ಒಳನಾಡಿನ ಸರೋವರಗಳಿಗೆ ಹಂಚಿದ್ದರಲ್ಲಿ ವಾಹನವೇರಿದ ದೋಣಿಗಳ ಪಾಲು ದೊಡ್ಡದು. ಅದರ ಸೋದರ ಜಾತಿ ಕ್ವಾಗಾ ಮಸ್ಸೆಲ್ 2007ರಲ್ಲಿ ಪಶ್ಚಿಮದ ಮರುಭೂಮಿಯ ನಡುವಿನ ಮೀಡ್ ಜಲಾಶಯದಲ್ಲಿ ಕಾಣಿಸಿಕೊಂಡಿತು. ಇವುಗಳ ಮರಿಗಳು ಬರಿಗಣ್ಣಿಗೆ ಕಾಣವು. ಬೆಳೆದವು ನೀರಿನ ಕೊಳವೆಗಳನ್ನೇ ಮುಚ್ಚಿಹಾಕುತ್ತವೆ. ನ್ಯೂಜಿಲೆಂಡಿನಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಪತ್ತೆಯಾದಾಗ ಅಲ್ಲಿನ ಸರ್ಕಾರ ‘ಪರೀಕ್ಷಿಸಿ, ತೊಳೆಯಿರಿ, ಒಣಗಿಸಿ’ ಎಂಬ ಆಂದೋಲನವನ್ನೇ ನಡೆಸಿತು. ಮುಟ್ಟಿದರೆ ತೇವವಿಲ್ಲವೆನಿಸಿದ ಮೇಲೂ ಇನ್ನೂ 48 ಗಂಟೆ ಒಣಗಲು ಬಿಡಬೇಕೆಂಬುದು ಅಲ್ಲಿನ ಸೂಚನೆ.

ಸಹ್ಯಾದ್ರಿಗೂ ಈ ಪಾಠ ಸಲ್ಲುತ್ತದೆ. ಗಣೇಶಗುಡಿಯ ಬಳಿಯ ಕಾಳಿಯಲ್ಲಿ, ಮಳೆಗಾಲದ ಕೊಡಗಿನ ಬರಪೊಳೆಯಲ್ಲಿ ಜಲಸಾಹಸ ಬೇರೂರಿದೆ. ಕೇರಳದ ಕೋಡಂಚೇರಿಯ ಕಡೆ 2013ರಲ್ಲಿ ಮಲಬಾರ್ ನದಿ ಉತ್ಸವ ಆರಂಭವಾಯಿತು. ಒಂದೇ ದೋಣಿ ಒಂದೇ ಮಳೆಗಾಲದಲ್ಲಿ ಹಲವು ಹೊಳೆಗಳಿಗಿಳಿಯುವುದು ಈಗ ಸುಲಭ. ಕೇರಳದವರು ಆಫ್ರಿಕನ್ ಪಾಯಲ್ ಎನ್ನುವ, ಬ್ರೆಜಿಲ್ ಮೂಲದ ಸಾಲ್ವೀನಿಯ ಕಳೆಗೆ ಫಲವತ್ತಾದ ಬೀಜಕಣಗಳಿಲ್ಲ. ಮುರಿದ ಚೂರಿನಿಂದಲೇ ಅದು ಕೆರೆ, ಹಿನ್ನೀರು, ಗದ್ದೆಗಳನ್ನು ಆವರಿಸುತ್ತದೆ. ಮಳೆಗಾಲದ ತೇವದಲ್ಲಿ ಅಂಥ ಚೂರು ವಾಹನದ ಮೇಲೆಯೇ ಹಸಿರಾಗಿ ಉಳಿದು ಘಟ್ಟ ದಾಟಬಲ್ಲದು.

ಅಣೆಕಟ್ಟು, ಮರಳು ದಂಧೆ, ಕಾರ್ಖಾನೆಯ ಕೊಳೆ ನದಿಗಳನ್ನು ಕೊಲ್ಲುತ್ತಿರುವಾಗ ಪಾಪದ ಹವ್ಯಾಸಿಯನ್ನೇಕೆ ಹಿಡಿಯಬೇಕು ಎಂಬ ಆಕ್ಷೇಪ ಸಹಜ. ಆ ದೊಡ್ಡ ಅಪರಾಧಗಳ ವಿರುದ್ಧದ ಹೋರಾಟ ಸಡಿಲವಾಗಬೇಕಿಲ್ಲ. ಆದರೆ ಕಯಾಕಿಗರು ನದಿಯ ಏರಿಳಿತವನ್ನು ಹತ್ತಿರದಿಂದ ಬಲ್ಲವರು, ನಾಳೆ ಅದರ ಪರ ಸಾಕ್ಷಿ ನುಡಿಯಬೇಕಾದವರು. ಅವರ ಕೈ ಸ್ವಚ್ಛವಾಗಿರುವುದು ಹೋರಾಟಕ್ಕೇ ಬಲ. ಮೇಲಾಗಿ ಅಣೆಕಟ್ಟನ್ನು ತಡೆಯಲು ದಶಕಗಳು ಬೇಕಾದಾವು. ದೋಣಿ ಒಣಗಿಸಲು ಬೇಕಾದುದು ಎರಡು-ಮೂರು ದಿನಗಳ ತಾಳ್ಮೆ.

ಹೊಣೆಯನ್ನೆಲ್ಲ ವ್ಯಕ್ತಿಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ದೋಣಿ ಬಾಡಿಗೆಗೆ ಕೊಡುವವರು, ಉತ್ಸವ ನಡೆಸುವವರು ಹೊಳೆಯಿಂದ ದೂರದಲ್ಲಿ ತೊಳೆಯುವ ಕಟ್ಟೆ ಮತ್ತು ಮಳೆ ತಾಗದ ಒಣಗಿಸುವ ಮಾಡನ್ನು ಒದಗಿಸಬೇಕು. ಅನುಮತಿ ನೀಡುವ ಇಲಾಖೆಗಳು ಇದನ್ನು ಷರತ್ತಾಗಿ ವಿಧಿಸಬೇಕು. ಮನೆಯಲ್ಲಿ ಚೌಕಟ್ಟು ಕಟ್ಟುವವರು ಮೊದಲ ಮೊಳೆ ಹೊಡೆಯುವ ಮುನ್ನವೇ ಕಾರ್ಪೆಟ್ಟನ್ನು ಬದಿಗಿಟ್ಟು, ನೀರು ಬಸಿಯುವ ದಾರಿಯನ್ನು ಗುರುತಿಸಿಕೊಳ್ಳುವುದು ಒಳಿತು.