ಪದಕ ಗೆದ್ದ ಮಗಳು ಯಾರವಳು?

2016ರ ಆಗಸ್ಟ್ 18ರಂದು ಬ್ರೆಜಿಲ್ ದೇಶದ ರಿಯೊ ನಗರದ ಒಲಿಂಪಿಕ್ ಕಣದಲ್ಲಿ 18 ವರ್ಷ ಪ್ರಾಯದ ತರುಣಿಯೊಬ್ಬಳು ಟೇಕ್ವಾಂಡೊ ಸ್ಪರ್ಧೆಯ 57 ಕಿಲೋ ವಿಭಾಗದಲ್ಲಿ ಕಂಚಿನ ಪದಕವನ್ನು ಗೆದ್ದಳು. ಹೆಸರು ಕಿಮಿಯಾ ಅಲಿಜಾದೆ. ಇರಾನಿನ ರಾಜಧಾನಿ ಟೆಹ್ರಾನಿಗೆ ಸಮೀಪದ ಕರಜ್ ಪಟ್ಟಣದವಳು. ಇರಾನ್ ದೇಶವು ಒಲಿಂಪಿಕ್ ಕೂಟಕ್ಕೆ ಮಹಿಳೆಯರನ್ನು ಕಳುಹಿಸತೊಡಗಿದ್ದು 1964ರಲ್ಲಿ, ಟೋಕಿಯೊ ನಗರಕ್ಕೆ. ಅಂದಿನಿಂದ 52 ವರ್ಷಗಳ ಕಾಲ ಆ ನಾಡಿನ ಯಾವ ಮಹಿಳೆಗೂ ದೊರೆಯದಿದ್ದ ಪದಕ ಈ ಹುಡುಗಿಗೆ ದೊರೆಯಿತು. ದೇಶಕ್ಕೆ ದೇಶವೇ ಸಂಭ್ರಮಿಸಿತು. ಅಂದಿನ ಅಧ್ಯಕ್ಷ ಹಸನ್ ರೂಹಾನಿಯವರು ಆಕೆಯನ್ನು ತಮ್ಮ ಮಗಳೆಂದೇ ಕರೆದು ಅಭಿನಂದನೆ ಸಲ್ಲಿಸಿದರು.

ಮಗಳು ಎಂಬ ಆ ಸಂಬೋಧನೆಯ ಮುಂದಿನ ಗತಿಯೇನಾಯಿತು ಎಂಬುದನ್ನು ಈ ವಾರ ಓದುಗ ಬಂಧುಗಳೊಡನೆ ಹಂಚಿಕೊಳ್ಳಲು ಬಯಸುತ್ತೇವೆ.

ಕಿಮಿಯಾಳ ಗೆಲುವು ಅನಿರೀಕ್ಷಿತವೇನೂ ಆಗಿರಲಿಲ್ಲ. 2014ರಲ್ಲಿ ಚೀನಾದ ನಾನ್‌ಜಿಂಗ್ ನಗರದಲ್ಲಿ ನಡೆದ ಯುವ ಒಲಿಂಪಿಕ್ಸ್‌ನಲ್ಲಿ ಆಕೆ ಚಿನ್ನ ಗೆದ್ದಿದ್ದಳು. ಮರುವರ್ಷ ಹಿರಿಯರ ವಿಶ್ವ ಸ್ಪರ್ಧೆಯಲ್ಲಿ ಕಂಚು, 2017ರಲ್ಲಿ ಬೆಳ್ಳಿ. ಟೇಕ್ವಾಂಡೊ ಎಂಬುದು ಕೊರಿಯಾ ಮೂಲದ, ಮುಖ್ಯವಾಗಿ ಕಾಲಿನಿಂದಲೇ ಆಡುವ ಕಾದಾಟದ ಕಲೆ. ಎದುರಾಳಿಯ ಎದೆಕವಚಕ್ಕೆ ಒದ್ದರೆ ಎರಡು ಅಂಕ, ತಲೆಗೆ ಒದ್ದರೆ ಮೂರು. ತಿರುಗಿ ಒದ್ದರೆ ಇನ್ನೂ ಹೆಚ್ಚು. ಮುಷ್ಟಿಯ ಹೊಡೆತಕ್ಕೆ ಒಂದೇ ಅಂಕ. ತಲೆಗೆ ಶಿರಸ್ತ್ರಾಣವನ್ನು ಎಲ್ಲರೂ ಧರಿಸಬೇಕಾದುದರಿಂದ ಅದರಡಿಯಲ್ಲಿ ವಸ್ತ್ರವನ್ನು ಕಟ್ಟಿಕೊಂಡು ಸ್ಪರ್ಧಿಸಲು ಅಡ್ಡಿಯಿರಲಿಲ್ಲ. ಇರಾನಿನ ಅನೇಕ ಹೆಣ್ಣುಮಕ್ಕಳಿಗೆ ಈ ಕ್ರೀಡೆಯ ಬಾಗಿಲು ತೆರೆದಿರುವುದಕ್ಕೆ ಇದೂ ಒಂದು ಕಾರಣ.

2020ರ ಜನವರಿಯಲ್ಲಿ ಕಿಮಿಯಾ ತಾನು ತಾಯ್ನಾಡನ್ನು ತೊರೆದಿರುವುದಾಗಿ ಬಹಿರಂಗ ಪತ್ರದ ಮೂಲಕ ಪ್ರಕಟಿಸಿದಳು. ಆ ಪತ್ರದ ಸಾರಾಂಶವನ್ನಷ್ಟೇ ಇಲ್ಲಿ ಹೇಳುತ್ತೇವೆ. ಇರಾನಿನಲ್ಲಿ ದಮನಕ್ಕೊಳಗಾದ ಲಕ್ಷಾಂತರ ಮಹಿಳೆಯರಲ್ಲಿ ತಾನೂ ಒಬ್ಬಳು. ಅಧಿಕಾರಸ್ಥರು ತೊಡು ಎಂದುದನ್ನು ತೊಟ್ಟೆ, ಹೇಳು ಎಂದುದನ್ನು ಹೇಳಿದೆ, ಕರೆದೊಯ್ದಲ್ಲಿಗೆ ಹೋದೆ. ಆದರೂ ತನ್ನ ಪದಕಗಳ ಕೀರ್ತಿಯನ್ನು ಕಡ್ಡಾಯದ ತಲೆವಸ್ತ್ರಕ್ಕೂ ತಮ್ಮ ಆಡಳಿತದ ಜಾಣ್ಮೆಗೂ ಸಲ್ಲಿಸಿಕೊಂಡರು. ತಾನು ಅವರಿಗೆ ಒಂದು ಸಾಧನವಾಗಿದ್ದೆನೇ ಹೊರತು ಮನುಷ್ಯಳಾಗಿರಲಿಲ್ಲ ಎಂಬುದು ಆಕೆಯ ಅಳಲು. ಇದು ಪ್ರಕಟವಾದ ಕೂಡಲೇ ಅಲ್ಲಿನ ಸಂಸತ್ ಸದಸ್ಯರೊಬ್ಬರು, ದೇಶದ ಮಾನವ ಬಂಡವಾಳ ಹೀಗೆ ಪಲಾಯನ ಮಾಡಲು ಬಿಟ್ಟವರಾರು ಎಂದು ಅಧಿಕಾರಿಗಳನ್ನು ಪ್ರಶ್ನಿಸಿದರು. ಅವರು ಸದುದ್ದೇಶದಿಂದಲೇ ಕೇಳಿರಬಹುದು. ಆದರೆ ರಿಯೊದಲ್ಲಿ ಮಗಳಾಗಿದ್ದವಳು ಮೂರೂವರೆ ವರ್ಷಗಳಲ್ಲಿ ಬಂಡವಾಳವಾಗಿ ಹೋದಳಲ್ಲವೇ?

ಇದನ್ನು ಓದುವಾಗ ನಮ್ಮಲ್ಲಿ ಕೆಲವರಿಗೆ ಒಂದು ಬಗೆಯ ಒಳಸಂತೋಷ ಉಂಟಾಗುವ ಅಪಾಯವಿದೆ. ಅನ್ಯಮತದವರ ನಾಡಿನಲ್ಲಿ ಹೀಗೆಲ್ಲ ನಡೆಯುತ್ತದೆ ಎಂದುಕೊಂಡು ನೆಮ್ಮದಿಯಿಂದ ಪುಟ ಮಗುಚುವವರಿಗಾಗಿ ನಾವು ಇದನ್ನು ಬರೆಯುತ್ತಿಲ್ಲ. ದೇವರನ್ನೇ ಒಪ್ಪದ ಪೂರ್ವ ಜರ್ಮನಿಯ ಆಡಳಿತವು 1970 ಮತ್ತು 80ರ ದಶಕಗಳಲ್ಲಿ ಹದಿಹರೆಯದ ಈಜುಗಾರ್ತಿಯರಿಗೆ ಜೀವಸತ್ವದ ಗುಳಿಗೆಗಳೆಂದು ಹೇಳಿ ಪುರುಷ ಹಾರ್ಮೋನಿನ ಗುಳಿಗೆಗಳನ್ನು ನುಂಗಿಸಿತು. ಆ ಮಕ್ಕಳು ಪದಕಗಳನ್ನು ತಂದರು, ಮತ್ತು ಮುರಿದ ಆರೋಗ್ಯದೊಂದಿಗೆ ಉಳಿದ ಬಾಳನ್ನು ಬಾಳಿದರು. ಕ್ರೈಸ್ತರೇ ಬಹುಸಂಖ್ಯಾತರಾಗಿರುವ ಅಮೆರಿಕದಲ್ಲಿ ರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನೊಬ್ಬ ವರ್ಷಾನುಗಟ್ಟಲೆ ನೂರಾರು ಬಾಲಕಿಯರನ್ನು ಲೈಂಗಿಕವಾಗಿ ಪೀಡಿಸಿದ. 2018ರಲ್ಲಿ ಅವನಿಗೆ ದೀರ್ಘಾವಧಿಯ ಸೆರೆವಾಸ ವಿಧಿಸುವಾಗ, ತಾವು ದೂರು ಹೇಳಿದರೂ ಕೇಳುವವರಿರಲಿಲ್ಲವೆಂದು ಆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ನ್ಯಾಯಾಲಯದಲ್ಲಿ ಹೇಳಿದರು. ತಲೆವಸ್ತ್ರವಿಲ್ಲದೆಡೆಯಲ್ಲಿಯೂ ಮಗುವನ್ನು ಸಾಧನವಾಗಿಸಲು ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮ ಮನೆಗಳಿಗೆ ಬರೋಣ. ಮಗ ಅಥವಾ ಮಗಳು ಒಂದು ಪಂದ್ಯ ಗೆದ್ದರೆ ಧರ್ಮಕೇಂದ್ರದ ವಾರ್ಷಿಕ ಹಬ್ಬದಂದು ವೇದಿಕೆಗೆ ಕರೆದು ಶಾಲು ಹೊದೆಸುತ್ತೇವೆ. ಅದು ತಪ್ಪಲ್ಲ, ಸಂತ ಪೌಲರೂ ಕ್ರೈಸ್ತ ಜೀವನವನ್ನು ಓಟದ ಕಣಕ್ಕೆ ಹೋಲಿಸಿದ್ದಾರೆ. ಆದರೆ ಅದೇ ಮಗು ಮೊಣಕಾಲಿಗೆ ಪೆಟ್ಟಾಗಿ ಆಟ ಬಿಟ್ಟಾಗ, ಇನ್ನು ಸಾಕು, ಬೇರೇನಾದರೂ ಓದುತ್ತೇನೆ ಎಂದಾಗ, ಮನೆಯಲ್ಲಿ ಯಾವ ಮಾತು ಕೇಳಿಬರುತ್ತದೆ? ನಿನಗಾಗಿ ಎಷ್ಟು ಖರ್ಚು ಮಾಡಿದೆವು ಎಂಬ ಮಾತೇ ಅಲ್ಲವೇ? ಈ ಮಾತನ್ನು ಆಡದ ತಂದೆತಾಯಂದಿರು ಇರಬಹುದು. ನಾವಂತೂ ಆಡಿದ್ದೇವೆ, ಆಟದ ವಿಷಯದಲ್ಲಲ್ಲದಿದ್ದರೆ ಅಂಕಪಟ್ಟಿಯ ವಿಷಯದಲ್ಲಿ. ಆ ಇರಾನಿ ಸಂಸತ್ ಸದಸ್ಯರ ಬಾಯಿಂದ ಬಂದ ಬಂಡವಾಳವೆಂಬ ಶಬ್ದ ನಮ್ಮ ಊಟದ ಮೇಜಿನ ಸುತ್ತಲೂ ಬೇರೆ ರೂಪದಲ್ಲಿ ಓಡಾಡುತ್ತಿರುತ್ತದೆ.

ಕಿಮಿಯಾ ಪತಿಯೊಡನೆ ಜರ್ಮನಿಯಲ್ಲಿ ಆಶ್ರಯ ಪಡೆದಳು. ಕೊರೊನಾ ಪಿಡುಗಿನಿಂದ ಒಂದು ವರ್ಷ ತಡವಾಗಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಆಕೆ ಹೋದದ್ದು ನಿರಾಶ್ರಿತರ ತಂಡದ ಸದಸ್ಯೆಯಾಗಿ. ಸ್ವಂತ ಧ್ವಜವಿಲ್ಲದವರ ಈ ತಂಡವನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2016ರಲ್ಲಿ ಹತ್ತು ಮಂದಿಯೊಂದಿಗೆ ಆರಂಭಿಸಿತ್ತು. ಆಗ ದಿವಂಗತ ಪೋಪ್ ಫ್ರಾನ್ಸಿಸರು ಆ ಹತ್ತು ಮಂದಿಗೂ ಹೆಸರು ಹಿಡಿದು ಶುಭಾಶಯ ಕಳುಹಿಸಿದ್ದರು. ಟೋಕಿಯೊದಲ್ಲಿ ತಂಡದ ಸಂಖ್ಯೆ 29ಕ್ಕೇರಿತ್ತು.

ಜುಲೈ 25ರಂದು ಆಕೆಗೆ ಮೊದಲ ಎದುರಾಳಿಯಾಗಿ ದೊರೆತವಳು ಯಾರು? ಇರಾನಿನ ನಾಹಿದ್ ಕಿಯಾನಿ. ಹಿಂದೆ ಅದೇ ರಾಷ್ಟ್ರೀಯ ತಂಡದಲ್ಲಿ ಜೊತೆಗಿದ್ದವಳು. ಚೀಟಿ ಎತ್ತಿದವರಿಗೆ ಕರುಣೆಯಿರಲಿಲ್ಲ ಎನ್ನಬೇಕು. ತಲೆವಸ್ತ್ರವಿಲ್ಲದೆ ಕಣಕ್ಕಿಳಿದ ಕಿಮಿಯಾ 18–9ರಿಂದ ಗೆದ್ದಳು. ಅನಂತರ ಲಂಡನ್ ಹಾಗೂ ರಿಯೊ ಕೂಟಗಳೆರಡರಲ್ಲೂ ಚಿನ್ನ ಗೆದ್ದು ಮೂರನೆಯದಕ್ಕಾಗಿ ಬಂದಿದ್ದ ಬ್ರಿಟನ್ನಿನ ಜೇಡ್ ಜೋನ್ಸ್‌ಳನ್ನು 16–12ರಿಂದ ಸೋಲಿಸಿದಳು. ಬಳಿಕ ಚೀನಾದ ಸ್ಪರ್ಧಿಯನ್ನು ಒಂದೇ ಅಂಕದಿಂದ ಸೋಲಿಸಿದಳು. ಆದರೆ ಉಪಾಂತ್ಯದಲ್ಲಿ ಸೋತು, ಕಂಚಿನ ಪದಕದ ಕೊನೆಯ ಕಾದಾಟದಲ್ಲಿ ತುರ್ಕಿಯ ಸ್ಪರ್ಧಿಗೆ 6–8ರಿಂದ ಶರಣಾದಳು. ನಿರಾಶ್ರಿತರ ತಂಡದ ಮೊತ್ತಮೊದಲ ಪದಕ ಎರಡು ಅಂಕಗಳಲ್ಲಿ ಕೈತಪ್ಪಿತು. ಅದು ದೊರೆತದ್ದು 2024ರಲ್ಲಿ, ಬಾಕ್ಸಿಂಗ್‌ನಲ್ಲಿ, ಕ್ಯಾಮರೂನ್ ಮೂಲದ ಸಿಂಡಿ ಎನ್‌ಗಾಂಬಾಳಿಗೆ.

ಟೋಕಿಯೊದ ಆ ದಿನ ಜಗತ್ತಿನ ಪತ್ರಿಕೆಗಳು ಕಿಮಿಯಾಳನ್ನು ಮತ್ತೊಂದು ಬಗೆಯಲ್ಲಿ ತಮ್ಮವಳನ್ನಾಗಿಸಿಕೊಂಡವು ಎಂಬುದನ್ನೂ ಹೇಳಬೇಕು. ಅಲ್ಲಿಯ ತನಕ ಆಕೆ ಒಂದು ಆಡಳಿತದ ಪತಾಕೆಯಾಗಿದ್ದರೆ, ಅಲ್ಲಿಂದ ಮುಂದೆ ಆ ಆಡಳಿತದ ವಿರೋಧದ ಪತಾಕೆಯಾದಳು. ಎದುರು ನಿಂತ ಕಿಯಾನಿ ಸೋತಾಗ ಒಂದು ಸರ್ಕಾರವೇ ಸೋತಂತೆ ಸಂತೋಷಪಟ್ಟವರುಂಟು. ಸೋತದ್ದು ಸರ್ಕಾರವಲ್ಲ. ವರ್ಷಗಟ್ಟಲೆ ಮುಂಜಾವದಲ್ಲೆದ್ದು ಬೆವರು ಹರಿಸಿದ, ನಾಡಿನಲ್ಲೇ ಉಳಿದ ಇನ್ನೊಬ್ಬ ಹೆಣ್ಣುಮಗಳು. ಹೋದವಳ ಧೈರ್ಯವನ್ನು ಮೆಚ್ಚುವಾಗ ಉಳಿದವಳನ್ನು ಹೇಡಿಯೆಂದು ಕರೆಯುವ ಹಕ್ಕು ದೂರದಲ್ಲಿ ಕುಳಿತು ಪತ್ರಿಕೆ ಓದುವ ನಮಗೆ ಎಲ್ಲಿಂದ ಬಂತು? ಉಳಿದವರಿಗೂ ತಂದೆತಾಯಿಗಳಿದ್ದಾರೆ, ಭಾಷೆಯಿದೆ, ಬಿಡಲಾಗದ ಬೀದಿಗಳಿವೆ. ಉದ್ಯೋಗಕ್ಕಾಗಿ ಕೊಲ್ಲಿ ದೇಶಗಳಿಗೆ ಹೋದವರೂ ಊರಲ್ಲೇ ನಿಂತವರೂ ಇರುವ ನಮ್ಮ ಕುಟುಂಬಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೂರು ವರ್ಷಗಳ ಬಳಿಕ ಪ್ಯಾರಿಸ್ ಒಲಿಂಪಿಕ್ಸ್. 2024ರ ವೇಳೆಗೆ ಕಿಮಿಯಾಳಿಗೆ ಬಲ್ಗೇರಿಯಾ ದೇಶದ ಪೌರತ್ವ ದೊರೆತಿತ್ತು. ಸ್ಪರ್ಧಿಸಿದ್ದು ಅದರ ಧ್ವಜದಡಿಯಲ್ಲಿ. ಆಗಸ್ಟ್ 8ರಂದು ಆರಂಭದ ಸುತ್ತಿನಲ್ಲಿಯೇ ಆಕೆಗೆ ಪುನಃ ಎದುರಾದವಳು ನಾಹಿದ್ ಕಿಯಾನಿ! ಈ ಬಾರಿ ಗೆಲುವು ಕಿಯಾನಿಯದಾಯಿತು.

ಇಲ್ಲಿ ಟೇಕ್ವಾಂಡೊದ ಒಂದು ನಿಯಮವನ್ನು ತಿಳಿಸಬೇಕು. ಈ ಕ್ರೀಡೆಯಲ್ಲಿ ಮೊದಲೇ ಸೋತವರಿಗೆ ಇನ್ನೊಂದು ಅವಕಾಶವುಂಟು, ಆದರೆ ಅದು ಎಲ್ಲರಿಗೂ ಅಲ್ಲ. ನಿಮ್ಮನ್ನು ಸೋಲಿಸಿದವರು ಒಂದೊಂದೇ ಸುತ್ತು ಗೆಲ್ಲುತ್ತಾ ಅಂತಿಮ ಪಂದ್ಯದವರೆಗೆ ತಲುಪಿದರೆ ಮಾತ್ರ ನಿಮ್ಮನ್ನು ಮತ್ತೆ ಕಣಕ್ಕೆ ಕರೆಯಲಾಗುತ್ತದೆ. ಆಗ ಕಂಚಿಗಾಗಿ ಹೋರಾಡಬಹುದು. ಅಂದರೆ ಅಂದು ಮಧ್ಯಾಹ್ನವಿಡೀ ಕಿಮಿಯಾಳ ಭವಿಷ್ಯ ನಿಂತದ್ದು ತನ್ನನ್ನು ಸೋಲಿಸಿದ ಹಳೆಯ ಸಂಗಾತಿಯ ಕಾಲುಗಳ ಮೇಲೆ. ಕಿಯಾನಿ ಎಲ್ಲಿಯಾದರೂ ಎಡವಿದ್ದರೆ ಕಿಮಿಯಾ ಗಂಟುಮೂಟೆ ಕಟ್ಟಬೇಕಿತ್ತು.

ಕಿಯಾನಿ ಎಡವಲಿಲ್ಲ. ಕೆನಡಾದ ಸ್ಕೈಲರ್ ಪಾರ್ಕ್‌ಳನ್ನು ಉಪಾಂತ್ಯದಲ್ಲಿ ಸೋಲಿಸಿ ಅಂತಿಮ ಪಂದ್ಯಕ್ಕೆ ಹೋದಳು. ಅಲ್ಲಿ ಕೊರಿಯಾದ ಕಿಮ್ ಯು-ಜಿನ್‌ಳಿಗೆ ಸೋತರೂ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಮೊದಲ ಇರಾನಿ ಮಹಿಳೆಯೆನಿಸಿದಳು. ಹಾಗೆ ತೆರೆದ ದಾರಿಯಿಂದ ಕಿಮಿಯಾ ಮರಳಿ ಕಣಕ್ಕೆ ಬಂದಳು. ಚೀನಾದ ಲುವೊ ಜೊಂಗ್‌ಷಿಯನ್ನು ಮಣಿಸಿ ಎರಡು ಕಂಚುಗಳಲ್ಲಿ ಒಂದನ್ನು ಗಳಿಸಿದಳು. ಆ ಸಂಜೆಯ ಪದಕಪೀಠದ ಮೇಲೆ ನಿಂತ ನಾಲ್ವರಲ್ಲಿ ಇಬ್ಬರು ಪಾರ್ಸಿ ಭಾಷೆಯನ್ನಾಡುವ ಹುಡುಗಿಯರಾಗಿದ್ದರು. ಒಬ್ಬಳ ಹೆಸರಿನ ಮುಂದೆ ಇರಾನ್ ಎಂದಿತ್ತು, ಇನ್ನೊಬ್ಬಳ ಹೆಸರಿನ ಮುಂದೆ ಬಲ್ಗೇರಿಯಾ ಎಂದಿತ್ತು.