ಮಾತು ಹೆಚ್ಚಾದ ಮಕ್ಕಳು

ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಅಧ್ಯಾಪಕರಾದ ನಾವು ಹೇಳುವ ದೂರುಗಳಲ್ಲಿ ಒಂದು ವರ್ಷ ವರ್ಷವೂ ತಪ್ಪುವುದಿಲ್ಲ: “ನಿಮ್ಮ ಮಗು ತುಂಬಾ ಮಾತನಾಡುತ್ತದೆ.” ತಾಯಂದಿರು ತಲೆ ತಗ್ಗಿಸುತ್ತಾರೆ. ಮನೆಗೆ ಹೋದ ಮೇಲೆ ಆ ಮಗುವಿಗೆ ಏನು ಸಿಗುತ್ತದೆಂಬುದನ್ನು ಊಹಿಸಬಹುದು. ಆದರೆ ಅದು ಏಕೆ ಅಷ್ಟು ಮಾತನಾಡುತ್ತದೆಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಪಾಠದ ನಡುವೆ ತುಳುವಿನಲ್ಲಿ ಪಿಸುಮಾತು, ತನ್ನನ್ನು ಕೇಳದ ಪ್ರಶ್ನೆಗೂ ಉತ್ತರ, ಗಂಟೆ ಬಾರಿಸಿದ ಮೇಲೂ ಮೇಜಿನ ಬಳಿ ನಿಂತು ಮನೆಯ ಕರುವಿನ ಕಥೆ. ನಾವು ಅವಳನ್ನು ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂರಿಸಿದೆವು. ಮಾತು ನಿಂತಿತು, ಗೆದ್ದೆವೆಂದುಕೊಂಡೆವು. ಎರಡು ತಿಂಗಳಲ್ಲಿ ಅವಳ ಪ್ರಬಂಧದ ಪುಸ್ತಕವೂ ಬರಿದಾಯಿತು. ವಿಚಾರಿಸಿದಾಗ ತಿಳಿದದ್ದಿಷ್ಟು: ತಂದೆ ಗಲ್ಫಿನಲ್ಲಿ, ತಾಯಿ ಗೇರುಬೀಜದ ಕಾರ್ಖಾನೆಯಿಂದ ಬರುವಾಗ ಕತ್ತಲು, ಮನೆಯಲ್ಲಿರುವ ಅಜ್ಜಿಗೆ ಕಿವಿ ಕೇಳದು. ಮನೆಯಲ್ಲಿ ಆಡಲಾಗದ ಮಾತನ್ನೆಲ್ಲ ಅವಳು ಶಾಲೆಗೆ ಹೊತ್ತು ತರುತ್ತಿದ್ದಳು.

ಎಲ್ಲರಿಗೂ ಇದೇ ಕಾರಣವೆಂದಲ್ಲ. ಚಿಕ್ಕ ಮಕ್ಕಳು ಆಡುವಾಗ ತಮ್ಮಷ್ಟಕ್ಕೆ ಮಾತನಾಡಿಕೊಳ್ಳುವುದು ಬೆಳವಣಿಗೆಯ ಲಕ್ಷಣ. ಆ ಮಾತೇ ಮುಂದೆ ಒಳಗಿನ ಯೋಚನೆಯಾಗುತ್ತದೆಂದು ಸೋವಿಯತ್ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ 1934ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದ್ದಾರೆ. ಕೆಲವರು ಅಂಜಿಕೆಯನ್ನು ಮುಚ್ಚಲು ಮಾತನಾಡುತ್ತಾರೆ. ಇನ್ನು ಕೆಲವರಿಗೆ ತಡೆದುಕೊಳ್ಳಲು ಆಗುವುದೇ ಇಲ್ಲ. ಕೂತಲ್ಲಿ ಕೂರಲಾರದ, ಸರದಿ ಕಾಯಲಾರದ ಲಕ್ಷಣಗಳೂ ಮನೆ, ಶಾಲೆ ಎರಡು ಕಡೆಯೂ ಆರು ತಿಂಗಳಿಗೆ ಮೀರಿ ಕಂಡರೆ ವೈದ್ಯರಿಗೆ ತೋರಿಸಬೇಕು. ಬೆತ್ತವನ್ನಂತೂ 2009ರ ಶಿಕ್ಷಣ ಹಕ್ಕು ಕಾಯಿದೆಯೇ ನಿಷೇಧಿಸಿದೆ; ಮಾನಸಿಕ ಹಿಂಸೆಯನ್ನೂ.

ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಾವು ಮಾತನ್ನು ದೂರುವುದೇ ಒಂದು ತಮಾಷೆ. ತಾಳಮದ್ದಳೆಯಲ್ಲಿ ಅರ್ಥಧಾರಿಯೊಬ್ಬರು ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳಿದರೆ ತಲೆದೂಗುತ್ತೇವೆ. ಮರುದಿನ ಮಗ ಎರಡು ನಿಮಿಷ ಮಾತನಾಡಿದರೆ “ಬಾಯಿ ಮುಚ್ಚು” ಎನ್ನುತ್ತೇವೆ. ಹಾಗೆಂದು ಪಾಠದ ವೇಳೆಯ ಗಲಾಟೆಯನ್ನು ನಾವು ಸಮರ್ಥಿಸುವುದಿಲ್ಲ. ವಿದ್ಯಾರ್ಥಿಗಳೇ, ಆ ಅರ್ಥಧಾರಿಗಳೂ ಎದುರಿನವರ ಮಾತನ್ನು ಕೇಳಿಯೇ ಉತ್ತರ ಕೊಡುವುದು, ಅಲ್ಲವೇ?

ಆ ಹುಡುಗಿಯನ್ನು ಮುಂದಿನ ಬೆಂಚಿಗೆ ಕರೆತಂದೆವು. ಮಧ್ಯಾಹ್ನದ ಬಿಡುವಿನಲ್ಲಿ ಹತ್ತು ನಿಮಿಷವನ್ನು ಅವಳಿಗೆಂದೇ ಇಟ್ಟೆವು. ಮೊದಲ ವಾರ ಅವಳು ಏನೂ ಹೇಳಲಿಲ್ಲ. ಎರಡನೆಯ ವಾರ ಕರುವಿನ ಸುದ್ದಿ ಬಂತು. ಅದಕ್ಕೆ ಆಗಲೇ ಕೊಂಬು ಮೂಡತೊಡಗಿತ್ತಂತೆ.